ನೀರಿನ ಇಪ್ಪತ್ತೆರಡು ಕವಲು

ನಮ್ಮ ಊರಿನಲ್ಲಿ ಇರುವುದು ಒಂದೇ ಕಟ್ಟಳೆ. ಯಾವ ಕಷ್ಟವನ್ನೂ ಬರೆದು ಮುಗಿಸದೆ ಬಗೆಹರಿಸುವಂತಿಲ್ಲ.

ಬರೆಯುವುದೆಂದರೆ ಕಾಗದದ ಮೇಲಲ್ಲ. ಊರ ನಡುವೆ ಒಂದು ಬಯಲಿದೆ. ಮನೆಗಳೆಲ್ಲ ಅದಕ್ಕೆ ಮುಖ ಮಾಡಿ ಸುತ್ತ ನಿಂತಿವೆ. ಯಾರಿಗೆ ಕಷ್ಟ ಬಂತೋ ಅವರು ಆ ಬಯಲಿನ ಮಧ್ಯಕ್ಕೆ ಬಂದು ನಿಲ್ಲಬೇಕು. ಅವರ ಕಾಲಿನ ಸುತ್ತ ಬಿಳಿ ಪುಡಿಯಲ್ಲಿ ಒಂದು ಸುತ್ತು ಹಾಕುತ್ತಾರೆ. ಅದಕ್ಕೆ ನಡುಸುತ್ತು ಎಂದು ಹೆಸರು. ಆಮೇಲೆ ಊರಿನವರು ಒಬ್ಬೊಬ್ಬರಾಗಿ ತಮಗೆ ತೋಚಿದ್ದನ್ನು ಹೇಳುತ್ತಾರೆ. ಹೇಳಿದ್ದೆಲ್ಲ ನಡುಸುತ್ತಿನಿಂದ ಹೊರಟ ಗೆರೆಯಾಗುತ್ತದೆ, ಗೆರೆಯಿಂದ ಕವಲು, ಕವಲಿನಿಂದ ಮರಿಗವಲು. ಕಾರಣಗಳಿಗೆ ಕಂದು, ಭಯಗಳಿಗೆ ಕಪ್ಪು, ಉಪಾಯಗಳಿಗೆ ಹಸಿರು, ನೀರಿನ ಮಾತೇನಿದ್ದರೂ ನೀಲಿ. ಓದು ಬಾರದವರಿಗೂ ತಿಳಿಯಲೆಂದು ಪ್ರತಿ ಕವಲಿನ ತುದಿಗೆ ಒಂದು ಚಿತ್ರ. ಕೊಡಲಿ ಎಂದರೆ ಕೊಡಲಿ, ಗಾಳಿ ಎಂದರೆ ಮೂರು ಸುರುಳಿ.

ಗೆರೆಯನ್ನು ತುಳಿಯಬಾರದು. ನಡುಸುತ್ತಿನಲ್ಲಿ ನಿಂತವರು ಕೂರಬಾರದು, ಕೇಳಿದ್ದಕ್ಕಲ್ಲದೆ ಬಾಯಿ ತೆರೆಯಬಾರದು. ಯಾರು ಏನು ಹೇಳಿದರೂ ಅದು ಆಗದ ಮಾತು ಎನ್ನಬಾರದು. ಎಲ್ಲ ಮಾತಿಗೂ ಜಾಗವಿದೆ. ಹೇಳಲು ಯಾರಲ್ಲೂ ಏನೂ ಉಳಿಯದಾಗ ಚಿತ್ರ ಮುಗಿದ ಲೆಕ್ಕ. ಅಲ್ಲಿಯವರೆಗೆ ಆ ಕಷ್ಟದ ವಿಷಯದಲ್ಲಿ ಯಾರೂ ಒಂದು ಕಡ್ಡಿ ಎತ್ತಿ ಆಚೆಗಿಡುವಂತಿಲ್ಲ.

ಬೇರೆ ಊರಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರು ಎಲ್ಲ ಕಡೆ ಇದ್ದಾರಂತೆ, ನಾವು ಬಾವಿಯ ಚಿತ್ರ ಬರೆಯುವವರಂತೆ. ಆಡಿಕೊಳ್ಳಲಿ. ನಮ್ಮಲ್ಲಿ ಚಿತ್ರ ಮುಗಿಯುವಷ್ಟರಲ್ಲಿ ಕಷ್ಟವೂ ಮುಗಿದಿರುತ್ತಿತ್ತು. ತಪ್ಪಿಸಿಕೊಂಡ ಎಮ್ಮೆ ತಾನಾಗಿ ಮರಳುತ್ತಿತ್ತು, ಇಲ್ಲವೇ ಎಲ್ಲೋ ಸಾಯುತ್ತಿತ್ತು. ಜಗಳವಾಡಿದ ಅಣ್ಣತಮ್ಮಂದಿರು ಮುದುಕರಾಗಿ ಜಗಳವನ್ನೇ ಮರೆಯುತ್ತಿದ್ದರು. ಇದನ್ನು ನಾವು ಚಿತ್ರದ ಮಹಿಮೆ ಎನ್ನುತ್ತಿದ್ದೆವು.

ನಾನು ಈ ಊರಿನ ಗೆರೆಯವನು. ಮೂವತ್ತು ವರ್ಷದಿಂದ ಎಲ್ಲರ ಕಷ್ಟಕ್ಕೂ ಗೆರೆ ಎಳೆಯುತ್ತಾ ಬಂದವನು. ಹೆಗಲಿಗೆ ಬಣ್ಣದ ಪುಡಿಯ ಚೀಲ, ಎಡಗೈಯಲ್ಲಿ ಒಂದು ಹಿತ್ತಾಳೆ ತಂಬಿಗೆ. ಪುಡಿ ಗಾಳಿಗೆ ಹಾರದಿರಲೆಂದು ಮೊದಲು ನೆಲಕ್ಕೆ ನೀರು ಚಿಮುಕಿಸಬೇಕು, ಆಮೇಲೆ ಗೆರೆ. ಹಿಂದಕ್ಕೆ ಒಂದು ಹೆಜ್ಜೆ, ನೀರು, ಗೆರೆ. ಹಿಂದಕ್ಕೆ ಇನ್ನೊಂದು ಹೆಜ್ಜೆ, ನೀರು, ಗೆರೆ. ಹೀಗೆ ಹಿಂದಕ್ಕೆ ನಡೆದೂ ನಡೆದೂ ಮುಂದಕ್ಕೆ ನಡೆಯುವಾಗ ನನ್ನ ಕಾಲು ತುಸು ತಡವರಿಸುತ್ತದೆ.

ನಾನು ಗೆರೆಯವನಾದದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಹಳೆಯ ಗೆರೆಯವನ ಕೈ ನಡುಗಲು ಶುರುವಾದಾಗ, ಅದುವರೆಗೆ ಯಾರ ಚಿತ್ರ ಎಲ್ಲಕ್ಕಿಂತ ದೊಡ್ಡದಾಗಿತ್ತೋ ಅವರಿಗೆ ಚೀಲ ಕೊಡುವುದು ಪದ್ಧತಿ. ಮದುವೆಯಾದ ಎರಡನೆಯ ವರ್ಷ ನನ್ನ ಹೆಂಡತಿಗೆ ಜ್ವರ ಬಂತು. ನಾನು ನಡುಸುತ್ತಿನಲ್ಲಿ ನಿಂತೆ. ಅವಳನ್ನು ಎದುರಿನ ಜಗುಲಿಯ ಮೇಲೆ ಮಲಗಿಸಿದ್ದರು. ಎರಡನೆಯ ದಿನ ಅವಳು “ನೀರು” ಎಂದಳು. ಊರ ಹಿರಿಯ ಕಿವಿಗೊಟ್ಟು ಕೇಳಿ, “ನೀರು, ಚೆನ್ನಾಗದೆ, ಅದನ್ನೂ ಹಾಕ್ರಪ್ಪ” ಎಂದ. ಬಾವಿಯ ನೀರು, ಹೊಳೆಯ ನೀರು, ಕಾಸಿದ ನೀರು, ಕಾಸಿ ಆರಿಸಿದ ನೀರು, ಜೀರಿಗೆ ಹಾಕಿದ್ದು, ತುಳಸಿ ಹಾಕಿದ್ದು, ಲೋಟದಲ್ಲಿ ಕೊಡುವುದು, ಒಳಲೆಯಲ್ಲಿ ಹಾಕುವುದು, ಬಟ್ಟೆಯಲ್ಲಿ ಅದ್ದಿ ತುಟಿಗೆ ಹಿಂಡುವುದು. ಒಟ್ಟು ಇಪ್ಪತ್ತೆರಡು ಕವಲು, ಎಲ್ಲ ನೀಲಿ. ಅಂಥ ನೀಲಿಯನ್ನು ಊರು ಹಿಂದೆ ಕಂಡಿರಲಿಲ್ಲ. ನಾಲ್ಕನೆಯ ದಿನ ಅವಳು ಕೇಳುವುದನ್ನು ನಿಲ್ಲಿಸಿದಳು. ಚಿತ್ರ ಇನ್ನೂ ಮೂರು ದಿನ ಬೆಳೆಯಿತು.

ನನ್ನ ಪಾದಕ್ಕೆ ಮೊದಲ ದಿನವೇ ಜೋಮು ಹಿಡಿದಿತ್ತು. ಅದು ಮೊಣಕಾಲಿಗೆ ಹತ್ತಿತು, ಸೊಂಟಕ್ಕೆ ಹತ್ತಿತು, ಆಮೇಲೆ ಇನ್ನೂ ಮೇಲಕ್ಕೆ. ಎಲ್ಲಿಯವರೆಗೆ ಹೋಯಿತೆಂದು ನಾನು ನೋಡಿಕೊಳ್ಳಲಿಲ್ಲ. ಅವಳನ್ನು ಮಣ್ಣು ಮಾಡುವಾಗ ನನಗೆ ಅಳು ಬರಲಿಲ್ಲ. ಬಂದಿದ್ದರೂ ಅಳುವಂತಿರಲಿಲ್ಲ, ನಮ್ಮಲ್ಲಿ ಅದು ಕೆಂಪು ಪೇಟದವನ ಕೆಲಸ.

ಊರಿಗೆ ಮೂರು ಪೇಟಗಳಿವೆ. ಬಿಳಿ ಪೇಟದವನು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತಾನೆ. ಹಸಿರು ಪೇಟದವನು ಯಾರೂ ಹೇಳದ ಉಪಾಯವನ್ನೇ ಹೇಳಬೇಕು. ಕೆಂಪು ಪೇಟದವನದು ದುಃಖ. ಊರಿನ ಪರವಾಗಿ ಅವನೊಬ್ಬನೇ ಅಳುತ್ತಾನೆ, ಅದೂ ದಿನಕ್ಕೆ ಒಮ್ಮೆ, ಊಟವಾದ ಮೇಲೆ ಅವನ ಸರದಿ ಬಂದಾಗ. ತೋಚಿದವರೆಲ್ಲ ತೋಚಿದಾಗೆಲ್ಲ ಅಳುತ್ತಾ ಕೂತರೆ ಗೆರೆ ನೆಟ್ಟಗೆ ಬರುವುದಿಲ್ಲವೆಂದು ಹಿಂದಿನವರು ಮಾಡಿಟ್ಟ ಏರ್ಪಾಡು. ಅವನೂ ಪಾಪ, ಚೆನ್ನಾಗಿಯೇ ಅಳುತ್ತಾನೆ.

ಹೀಗಿರುವಾಗ ಒಂದು ಬೆಳಗ್ಗೆ ಹಪ್ಪಳದವಳು ಬಯಲಿಗೆ ಓಡಿಬಂದಳು. ಗಂಡನನ್ನು ಕಳೆದುಕೊಂಡವಳು, ಹಪ್ಪಳ ಒತ್ತಿ ಮಾರಿ ಬದುಕುವವಳು, ಆರು ವರ್ಷದ ಒಬ್ಬ ಮಗಳ ತಾಯಿ. ನೀರಿನ ಕೊಡ ಇನ್ನೂ ಸೊಂಟದಲ್ಲೇ ಇತ್ತು.

“ಏನವ್ವ ಕಷ್ಟ?” ಊರ ಹಿರಿಯ ಕೇಳಿದ.

“ಬಾಗ್ಲು ಕಚ್ಕೊಂಬುಟ್ಟದೆ ಯಜಮಾನ್ರೇ. ಮಗಳು ಒಳಗವ್ಳೆ. ಅಗುಳಿ ಎಳೆಯಕ್ಕೆ ಅವಳ ಕೈಲಾಗ್ತಿಲ್ಲ. ಯಾರಾನ ಬಂದು ಒಂದೇಟು ಹಾಕಿ, ನಿಮ್ಮ ದಮ್ಮಯ್ಯ.”

“ಹಾಕಾನಂತೆ. ಮೊದ್ಲು ನಿಂತ್ಕೊ.”

ಅವಳು ಕೊಡ ಇಳಿಸಿ ಬಯಲಿನ ಮಧ್ಯಕ್ಕೆ ಬಂದು ನಿಂತಳು. ನಾನು ನೀರು ಚಿಮುಕಿಸಿ ಅವಳ ಕಾಲಿನ ಸುತ್ತ ನಡುಸುತ್ತು ಹಾಕಿದೆ. ಸುತ್ತಿನೊಳಗೆ ಒಂದು ಮುಚ್ಚಿದ ಬಾಗಿಲನ್ನೂ ಬರೆದೆ.

ಬಿಳಿ ಪೇಟದವನು ಕಂಡದ್ದನ್ನು ಹೇಳಿದ. ನಿನ್ನೆ ಅಕಾಲದ ಮಳೆ ಸುರಿದು ಬಾಗಿಲಿನ ಮರ ಉಬ್ಬಿದೆ. ಮನೆಗೆ ಇನ್ನೊಂದು ಬಾಗಿಲಿಲ್ಲ, ಅಂಗೈಯಗಲದ ಒಂದು ಬೆಳಕಿಂಡಿ ಇದೆ. ಒಳಗೆ ಒಂದು ಮಗು, ಒಂದು ಬೋಗುಣಿ ಹಪ್ಪಳದ ಹಿಟ್ಟು. ನೀರಿನ ಗಡಿಗೆ ಖಾಲಿ. ನಾಲ್ಕು ಕಂದು ಗೆರೆ.

ಮೊದಲ ಉಪಾಯ ಹೇಳಿದವನು ಗಾಣದವನು. “ಒನಕೆ ತಗೊಂಡು ಬಾಗ್ಲು ಒಡೆಯೋದು” ಎಂದ. ನಾನು ಹಸಿರು ಗೆರೆ ಎಳೆದು ತುದಿಗೆ ಒನಕೆ ಬರೆದೆ. ಬಯಲಿಗೆ ಬಿಸಿಲು ಬರುವ ಮೊದಲೇ ಸರಿಯಾದ ಉತ್ತರ ನೆಲದ ಮೇಲಿತ್ತು. ಗಾಣದವನು ತನ್ನ ಪಾಲಿನದು ಮುಗಿಯಿತೆಂದು ಅಂಗವಸ್ತ್ರ ಹಾಸಿ ಕೂತ.

ಅದರ ಪಕ್ಕಕ್ಕೆ ಉಳಿದವು ಬಂದವು. ಬೆಳಕಿಂಡಿಯಿಂದ ಗಿಳಿಯನ್ನು ಬಿಟ್ಟು ಅಗುಳಿ ಎಳೆಸುವುದು. ಬಾಗಿಲಿಗೆ ಎಣ್ಣೆ ಕುಡಿಸುವುದು. ಬಾಗಿಲನ್ನು ಬಿಟ್ಟು ಗೋಡೆಯನ್ನು ತೆಗೆಯುವುದು. ಮನೆಯನ್ನೇ ಮಗುವೆಂದು ತಿಳಿದು ಜೋಗುಳ ಹಾಡುವುದು. ಯಾವುದಕ್ಕೂ ಯಾರೂ ನಗಲಿಲ್ಲ. ನಕ್ಕರೂ ಅದು ಆಗದ ಮಾತು ಎಂದಂತೆಯೇ. ಒನಕೆಯೂ ಗಿಳಿಯೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಮಲಗಿದವು.

ಮಧ್ಯಾಹ್ನದ ಹೊತ್ತಿಗೆ ಹಿರಿಯ ಐದು ಯಾಕೆ ಕೇಳಿದ. ಅದು ಪ್ರತಿ ಚಿತ್ರದಲ್ಲೂ ಇರುವುದೇ. ಯಾಕೆ ಎಂದು ಐದು ಸಲ ಕೇಳಿದರೆ ಕಷ್ಟದ ಬೇರು ಸಿಗುತ್ತದೆ ಎಂಬುದು ನಂಬಿಕೆ.

“ಮಗಾ ಯಾಕೆ ಅಗುಳಿ ಹಾಕ್ಕೊಂತು?”

“ಕಾಗೆ ಬರ್ದೆ ಇರ್ಲಿ ಅಂತ ನಾನೇ ಹೇಳಿದ್ದೆ.”

“ಕಾಗೆ ಯಾಕೆ ಬರ್ತದೆ?”

“ಹಿಟ್ಟು ಕಲಸಿಟ್ಟಿದ್ದೆ.”

“ಕಲಸಿಟ್ಟು ಯಾಕೆ ಹೋದೆ?”

“ನೀರು ತರಕ್ಕೆ.”

“ಮಗೀನ ಒಂದನ್ನೇ ಯಾಕೆ ಬಿಟ್ಟೆ?”

“ಮನೇಲಿ ಇನ್ಯಾರಿಲ್ಲ.”

“ಯಾಕಿಲ್ಲ?”

ಐದನೆಯದಕ್ಕೆ ಉತ್ತರ ಬಾರದಿದ್ದರೆ ಅದೇ ಬೇರು. ಬೇರಿನ ಜಾಗದಲ್ಲಿ ನಾನು ಅವಳ ಗಂಡನ ಸಮಾಧಿಯನ್ನು ಬರೆದೆ. ಅವನಿಗೆ ಹಾವು ಕಚ್ಚಿದಾಗ ಚಿತ್ರ ಬರೆದವನೂ ನಾನೇ. ಹಾವುಗಳಲ್ಲಿ ಎಷ್ಟು ಬಗೆ ಎಂಬುದು ಆ ಚಿತ್ರದಿಂದ ಊರಿಗೆ ಗೊತ್ತಾಗಿತ್ತು.

ಊಟವಾದ ಮೇಲೆ ಕೆಂಪು ಪೇಟದವನು ಬಂದು ಅತ್ತ. ಬೆಳಕಿಂಡಿಯಿಂದ ಮಗುವೂ ಅಳುತ್ತಿತ್ತು, ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ದಿನ ಮಗು ಅಳಲಿಲ್ಲ. ಹಸಿವಿಗೆ ಹಸಿ ಹಿಟ್ಟನ್ನೇ ತಿನ್ನುತ್ತಿದ್ದಾಳೆಂದು ಬಿಳಿ ಪೇಟದವನು ನೋಡಿ ಬಂದು ಹೇಳಿದ. ಉಪ್ಪು, ಖಾರ, ಇಂಗು ಹಾಕಿದ ಹಿಟ್ಟು. ಹಪ್ಪಳದವಳು ಆ ಮಾತು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕೊಡ ಬಯಲಿನ ಅಂಚಿನಲ್ಲಿ, ಅವಳು ಇಳಿಸಿದ ಕಡೆಯೇ, ತುಂಬಿದ್ದು ತುಂಬಿದ ಹಾಗೇ ಇತ್ತು. ಕೊಡವೂ ಕಷ್ಟಕ್ಕೆ ಸೇರಿದ್ದು. ಯಾರೂ ಮುಟ್ಟುವಂತಿಲ್ಲ.

ಅವಳ ಕಾಲು ಬಾತಿತ್ತು. ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಬಿಡುತ್ತಿದ್ದವಳು ಮಧ್ಯಾಹ್ನದ ನಂತರ ಅದನ್ನೂ ಬಿಟ್ಟಳು. ಜೋಮು ಪೂರ್ತಿ ಹಿಡಿಯಿತೆಂದು ನನಗೆ ತಿಳಿಯಿತು. ಇನ್ನು ನಿಲ್ಲುವುದು ಸುಲಭ. ನಾನು ಅವಳ ಮುಖ ನೋಡದೆ ಗೆರೆ ಎಳೆದೆ. ಮುಖ ನೋಡಿದರೆ ಗೆರೆ ಸೊಟ್ಟಗಾಗುತ್ತದೆ.

ಆ ಸಂಜೆ ಹಸಿರು ಪೇಟದವನು ಎದ್ದು ನಿಂತ.

“ಕಾಯೋದು” ಎಂದ. “ಬಿಸ್ಲು ಹಿಂಗೇ ಹೊಡೆದ್ರೆ ಮರ ಒಣಗ್ತದೆ. ಒಣಗಿದ್ರೆ ಬಾಗ್ಲು ತಾನೇ ಬಿಡ್ತದೆ.”

ಊರು ತಲೆದೂಗಿತು. ಯಾರ ಕೈಗೂ ಕೆಲಸ ಕೊಡದ ಉಪಾಯ ಎಲ್ಲರಿಗೂ ಹಿಡಿಸಿತು. ಎಷ್ಟು ದಿನ ಕಾಯುವುದು, ಹೇಗೆ ಕಾಯುವುದು, ಕೂತು ಕಾಯುವುದೋ ನಿಂತು ಕಾಯುವುದೋ, ಕಾಯುವಾಗ ಏನು ತಿನ್ನುವುದು. ಒಂದೇ ಸಮನೆ ಮಾತುಗಳು ಬಂದವು. ನಾನು ಹಿಂದಕ್ಕೆ ನಡೆದೆ, ನೀರು ಚಿಮುಕಿಸಿದೆ, ಎಳೆದೆ. ಮರುದಿನ ಬೆಳಗ್ಗೆಯೂ ಎಳೆದೆ. ಕಾಯುವ ಕವಲು ಬಯಲು ದಾಟಿ ಹಪ್ಪಳದವಳ ಮನೆಯವರೆಗೆ ಬೆಳೆಯಿತು. ಜಾಗ ಸಾಲದೆ ನಾನು ಅದರ ಕೊನೆಯ ಮರಿಗವಲುಗಳನ್ನು ಅವಳ ಮೆಟ್ಟಿಲ ಮೇಲೆ, ಹೊಸಿಲಿನ ಉದ್ದಕ್ಕೂ ಬರೆದೆ. ಹೊಸಿಲಿಗೆ ರಂಗೋಲಿ ಹಾಕಿದಂತೆ ಚೆಂದ ಕಂಡಿತು.

ಮೂರನೆಯ ದಿನ ನಡುಮಧ್ಯಾಹ್ನ ಮರ ಒಣಗಿತು. ಒಳಗೆ ಅಗುಳಿ ಜಾರಿದ ಸದ್ದಾಯಿತು, ಬಾಗಿಲು ಕಿರ್ರೆಂದು ತೆರೆಯಿತು.

ಮಗು ಹೊಸಿಲಿನ ಒಳಗೆ ನಿಂತಿತ್ತು. ತುಟಿ ಬಿರಿದು ಬಿಳಿಚಿತ್ತು, ಬಾಯಿಯ ಸುತ್ತ ಒಣಗಿದ ಹಿಟ್ಟು. ಅವಳು ಅವ್ವನನ್ನು ನೋಡಿದಳು. ಕಾಲು ಎತ್ತಿದಳು. ಕೆಳಗೆ ಗೆರೆ ಕಂಡಿತು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟುಕೊಂಡಳು. ನಮ್ಮ ಊರಿನಲ್ಲಿ ಮಕ್ಕಳಿಗೆ ನಡೆಯುವುದನ್ನು ಕಲಿಸುವ ಮುಂಚೆ ತುಳಿಯದಿರುವುದನ್ನು ಕಲಿಸುತ್ತೇವೆ.

“ಅವ್ವಾ, ತುಳೀಲಾ?”

ಹಪ್ಪಳದವಳು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಮಗು ಕೇಳಿದ್ದು ಲೆಕ್ಕಕ್ಕೆ ಬರುವ ಪ್ರಶ್ನೆಯಲ್ಲ. ಅವಳು ಊರ ಹಿರಿಯನ ಕಡೆ ನೋಡಿದಳು.

“ಒಳ್ಳೇ ಪ್ರಶ್ನೆ” ಎಂದ ಹಿರಿಯ. “ತುಳೀಬೌದಾ, ಬಾರ್ದಾ. ಇಂಥದೊಂದು ಇದುವರ್ಗೂ ಯಾವ ಚಿತ್ರದಲ್ಲೂ ಬಂದಿಲ್ಲ. ಹಾಕಯ್ಯ.”

ಸುತ್ತ ಕೂತವರು ಸಂತೋಷದಿಂದ ಹತ್ತಿರಕ್ಕೆ ಜರುಗಿದರು. ತುಳಿದರೆ ಏನಾಗುತ್ತದೆ, ಯಾವ ಕಾಲಿನಿಂದ ತುಳಿಯುವುದು, ತುಳಿದ ಗೆರೆ ಯಾರದ್ದು. ನಾನು ನಡುಸುತ್ತಿನ ಪಕ್ಕಕ್ಕೆ ಬಂದು ಹೊಸ ಗೆರೆಗೆ ಬಗ್ಗಿದೆ.

“ಅವ್ವಾ, ತುಳೀಲಾ?” ಮಗು ಮತ್ತೆ ಕೇಳಿತು. ಉತ್ತರ ಬಾರದಿದ್ದಾಗ ಹೊಸಿಲಿನ ಒಳಗೇ ಕುಸಿದು ಕೂತಿತು. ಆಮೇಲೆ ಸಣ್ಣಗೆ, “ನೀರು” ಎಂದಿತು.

“ನೀರು” ಎಂದ ಹಿರಿಯ. “ಅದೂ ಚೆನ್ನಾಗದೆ. ಅದನ್ನೂ ಹಾಕು. ನೀಲಿ ತಗೊ.”

ನಾನು ಚೀಲದಿಂದ ನೀಲಿ ತೆಗೆದುಕೊಂಡೆ. ಕೈಗೆ ಎಲ್ಲ ಗೊತ್ತಿತ್ತು. ಬಾವಿಯದು, ಹೊಳೆಯದು, ಕಾಸಿದ್ದು, ಆರಿಸಿದ್ದು. ಇಪ್ಪತ್ತೆರಡನ್ನೂ ಕಣ್ಣು ಮುಚ್ಚಿ ಬರೆಯಬಲ್ಲೆ. ಮೊದಲು ನೆಲ ನೆನೆಸಬೇಕಲ್ಲ, ಎಡಗೈಯ ಅರೆತುಂಬಿದ ತಂಬಿಗೆಯನ್ನು ತುಸು ಬಗ್ಗಿಸಿದೆ. ಎರಡು ಹನಿ ಬಿತ್ತು, ಮಣ್ಣು ಹೀರಿಕೊಂಡಿತು.

ಆಗ ನಾನು ತಂಬಿಗೆಯನ್ನು ನೋಡಿದೆ.

ಮೂರು ದಿನದಿಂದ ಅದು ನನ್ನ ಕೈಯಲ್ಲೇ ಇತ್ತು. ದಿನಕ್ಕೆ ಐದು ಸಲ ತುಂಬಿಸಿಕೊಂಡು ಬಂದಿದ್ದೆ. ಇವತ್ತು ಬೆಳಗ್ಗೆ ಆ ಹೊಸಿಲಿನ ಮೇಲೆ ಬಗ್ಗಿ ಕೂತು ಮರಕ್ಕೂ ಕಲ್ಲಿಗೂ ನೀರು ಚಿಮುಕಿಸಿದ್ದೆ. ಬಾಗಿಲಿನ ಆಚೆ, ಒಂದು ಗೇಣು ದೂರದಲ್ಲಿ, ಈ ಮಗು ಇತ್ತು. ಮೂವತ್ತು ವರ್ಷದ ಹಿಂದೆಯೂ ಇದೇ ತಂಬಿಗೆ. ಹಳೆಯ ಗೆರೆಯವನ ಎಡಗೈಯಲ್ಲಿ ನನ್ನ ಹೆಂಡತಿಯ ಜಗುಲಿಯ ಮುಂದೆ ಹಾದು ಹೋದದ್ದು. ಅವಳು ಅದನ್ನು ನೋಡಿಯೇ ಕೇಳಿದ್ದಿರಬೇಕು.

ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಅದಕ್ಕೂ ಒಂದು ಗೆರೆ ಹುಟ್ಟುತ್ತಿತ್ತು. ನೀಲಿಯನ್ನು ನೆಲಕ್ಕೆ ಒದರಿ ಮುಂದಕ್ಕೆ ನಡೆದೆ. ಮೊದಲ ಹೆಜ್ಜೆ ಗಿಳಿಯ ಮೇಲೆ ಬಿತ್ತು, ಎರಡನೆಯದು ಒನಕೆಯ ಮೇಲೆ. ಮುಂದಕ್ಕೆ ನಡೆಯುವ ರೂಢಿ ತಪ್ಪಿತ್ತು, ಎರಡು ಸಲ ಎಡವಿದೆ. ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ ಹಿಡಿದಿದ್ದೆ. ಮೆಟ್ಟಿಲು ಹತ್ತಿ ಹೊಸಿಲಿನ ಗೆರೆಗಳ ಮೇಲೇ ಕೂತು ತಂಬಿಗೆಯನ್ನು ಮಗುವಿನ ಬಾಯಿಗೆ ಇಟ್ಟೆ.

ಅವಳು ಕುಡಿದಳು. ಕುಡಿಯುವಾಗ ತಂಬಿಗೆಯನ್ನೂ ನನ್ನ ಬೆರಳನ್ನೂ ಸೇರಿಸಿ ಹಿಡಿದುಕೊಂಡಿದ್ದಳು.

“ಬಾರವ್ವ” ಎಂದು ನಾನು ಹಪ್ಪಳದವಳಿಗೆ ಕೂಗಿ ಹೇಳಿದೆ. “ತುಳ್ಕೊಂಡೇ ಬಾ.”

ಅವಳು ಕಾಲೆತ್ತಲು ನೋಡಿದಳು, ಕಾಲು ಅವಳ ಮಾತು ಕೇಳಲಿಲ್ಲ. ಬಿದ್ದಳು. ಎದ್ದು ಮತ್ತೆ ಬಿದ್ದಳು. ಕೊನೆಗೆ ಕೈಯೂರಿ ತೆವಳಿಕೊಂಡು ಬಂದಳು. ಕಂದು, ಕಪ್ಪು, ಹಸಿರು ಎಲ್ಲ ಅವಳ ಸೀರೆಗೆ ಹತ್ತಿ ಅವಳ ಹಿಂದೆ ಒಂದು ಅಗಲವಾದ ಖಾಲಿ ದಾರಿ ಬಿತ್ತು.

ಊರು ಸಿಟ್ಟಾಗಲಿಲ್ಲ. ನಮ್ಮ ಊರಿಗೆ ಸಿಟ್ಟು ಬರುವುದಿಲ್ಲ. ಹಿರಿಯ ಕೆಟ್ಟ ಚಿತ್ರವನ್ನು ಒಮ್ಮೆ ಸುತ್ತಿ ನೋಡಿ, “ಗೆರೆಯವನೇ ಗೆರೆ ತುಳಿದ. ಇದು ಹೊಸ ಕಷ್ಟ” ಎಂದ. ನನ್ನನ್ನು ಕರೆದುಕೊಂಡು ಹೋಗಿ ಬಯಲಿನ ಮಧ್ಯದಲ್ಲಿ ನಿಲ್ಲಿಸಿದರು. ನಾನೂ ನಿಂತೆ. ಬೇರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಹಸಿರು ಪೇಟದವನು ನನ್ನ ಚೀಲ ಹೆಗಲಿಗೆ ಹಾಕಿಕೊಂಡು ನಡುಸುತ್ತು ಎಳೆದ. ಸೊಟ್ಟಗಿತ್ತು.

“ಯಾಕೆ ತುಳಿದೆ?” ಹಿರಿಯ ಕೇಳಿದ.

“ಮಗಾ ನೀರು ಕೇಳ್ತು.”

“ಯಾಕೆ ಕೇಳ್ತು?”

“ಬಾಯಾರಿತ್ತು.”

“ಯಾಕೆ ಬಾಯಾರಿತ್ತು?”

“ಯಾರೂ ಕೊಟ್ಟಿರ್ಲಿಲ್ಲ.”

“ಯಾಕೆ ಕೊಟ್ಟಿರ್ಲಿಲ್ಲ?”

ನಾಲ್ಕನೆಯದಕ್ಕೇ ನಾನು ಸುಮ್ಮನಾದೆ. ಅವರು ಐದನೆಯದನ್ನು ಕೇಳಲಿಲ್ಲ. ಬೇರಿನ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಹಸಿರು ಪೇಟದವನು ಬಹಳ ಹೊತ್ತು ಬಗ್ಗಿಯೇ ನಿಂತಿದ್ದ. ಆಮೇಲೆ ಬೇರೆ ಕವಲು ಶುರುಮಾಡಿದರು. ತುಳಿಯಲಾಗದಂಥ ಗೆರೆ, ಎತ್ತರದ ಗೆರೆ, ಮುಳ್ಳಿನ ಗೆರೆ.

ನಾನು ಆ ಸಂಜೆ, ಆ ರಾತ್ರಿ ನಿಂತೆ. ಜೋಮು ಹಿಡಿಯುವುದನ್ನು ಕಾದೆ. ಹಿಡಿದರೆ ಸುಲಭವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಹಳೆಯ ಜೋಮಿಗೆ ಹೊಸದು ಸೇರಿಕೊಂಡಿತು.

ಮರುದಿನ ಮಧ್ಯಾಹ್ನ, ಊರಿನವರು ಊಟಕ್ಕೆ ಏಳುವ ಹೊತ್ತಿಗೆ, ಹಪ್ಪಳದವಳು ಮನೆಯಿಂದ ಹೊರಟಳು. ಕುಂಟುತ್ತಾ ಗೆರೆಗಳ ಮೇಲೆ ನಡೆದು ಬಂದಳು. ತುಳಿಯಬೇಕೆಂದೂ ಅಲ್ಲ, ತುಳಿಯಬಾರದೆಂದೂ ಅಲ್ಲ, ನೆಲದ ಮೇಲೆ ನಡೆಯುವಂತೆ ನಡೆದಳು. ಹಿಂದೆ ಅವಳ ಮಗಳು, ಎರಡು ಕೈಯಲ್ಲಿ ನನ್ನ ತಂಬಿಗೆ ಹಿಡಿದು, ಅವ್ವನ ಹೆಜ್ಜೆ ಬಿದ್ದ ಕಡೆಯೇ ಹೆಜ್ಜೆ ಇಡುತ್ತಿದ್ದಳು.

ನನ್ನ ಮುಂದೆ ಬಂದು ನಿಂತು ಹಪ್ಪಳದವಳು ಕೇಳಿದಳು.

“ಅಣ್ಣಾ, ಕಾಲು ಜೋಮು ಹಿಡಿದದಾ?”

ಮೂವತ್ತು ವರ್ಷದಲ್ಲಿ ಆ ಬಯಲಿನಲ್ಲಿ ಸಾವಿರ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಇದನ್ನು ಯಾರೂ ಯಾರನ್ನೂ ಕೇಳಿದ್ದಿಲ್ಲ.

“ಹೂಂ ಕಣವ್ವ” ಎಂದೆ.

ಅವಳು ನನ್ನ ಭುಜ ಹಿಡಿದು ಕೂರಿಸಿದಳು. ಸುತ್ತಿನೊಳಗೇ ಎದುರು ಕೂತು ನನ್ನ ಎರಡು ಪಾದಗಳನ್ನೂ ಮಡಿಲಿಗೆ ಎಳೆದುಕೊಂಡು ಹಿಟ್ಟು ನಾದುವ ಹಾಗೆ ತಿಕ್ಕತೊಡಗಿದಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಹೆಬ್ಬೆರಳಿನಲ್ಲಿ ಒಂದು ಸೂಜಿ ಚುಚ್ಚಿತು. ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲದಷ್ಟು. ಜೋಮು ಹಿಡಿಯುವಾಗ ನೋವಿಲ್ಲ, ಬಿಡುವಾಗ ಪ್ರಾಣ ಹೋಗುತ್ತದೆ. ನಾನು ಹಲ್ಲು ಕಚ್ಚಿದೆ. ಅದು ಮೊಣಕಾಲು ಬಿಟ್ಟಿತು, ಸೊಂಟ ಬಿಟ್ಟಿತು, ಇನ್ನೂ ಮೇಲಕ್ಕೆ ಬಿಡುತ್ತಾ ಬಂತು.

ಮಗು ತಂಬಿಗೆಯನ್ನು ನನ್ನ ಬಾಯಿಗೆ ಹಿಡಿಯಿತು. ಒಂದು ಗುಟುಕು ಕುಡಿದೆ. ತಣ್ಣಗಿನ ನೀರು. ಬಾವಿಯದೋ ಹೊಳೆಯದೋ ಗೊತ್ತಾಗಲಿಲ್ಲ. ನನ್ನ ಹೆಂಡತಿ ಅಂದು ಕೇಳಿದ್ದು ಇಷ್ಟನ್ನೇ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ನನಗೆ ಎದೆ ಒಡೆದು ಅಳು ಬಂತು.

“ಏಯ್, ಇನ್ನೂ ಊಟ ಆಗಿಲ್ಲ!” ಕೆಂಪು ಪೇಟದವನು ಬಯಲಿನ ಅಂಚಿನಿಂದ ಕೂಗಿದ. “ಅಳೋದು ನನ್ನ ಸರ್ದಿ!”

ನಾನು ಅವನ ಸರದಿಗೆ ಕಾಯಲಿಲ್ಲ.